ಕಡಲಡಿಯಲ್ಲಿ ಓಡಿದ ಮಣ್ಣು

ಹಲ್ಲಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಗಡಿಯಾರ ರಿಪೇರಿಯವನು ಊದಿದ ಕೆನ್ನೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮ ಸಮುದ್ರದಡಿಯ ಫೋನ್ ಕೇಬಲ್ ರಿಪೇರಿ ಮಾಡುವ ಹಡಗಿನವನೆಂದು ಮಾತಿನಲ್ಲೇ ಗೊತ್ತಾಯಿತು.

“ಅಳಿಯ ಕಡಲಿನ ಆಚೆ ದಡದಲ್ಲಿ ಕೂತ್ಕೊಂಡು, ಮಾತಿನ ಮಧ್ಯೆ ಫೋನ್ ಕುಕ್ಕಿದ. ನಾನೂ ಮತ್ತೆ ಮಾತಾಡ್ಸಿಲ್ಲ.”

“ಅವರು ಕುಕ್ಕಿಲ್ಲ ಕಣಕ್ಕ, ಲೈನೇ ಕಡಿದುಹೋಗಿದ್ದು. ಅವತ್ತು ಮೊದಲು ದಡದ ಹತ್ತಿರದ ಕೇಬಲ್ ಹೋಯ್ತು, ಆಮೇಲೆ ಅದಕ್ಕಿಂತ ಆಳದ್ದು, ಆಮೇಲೆ ಇನ್ನೂ ಆಳದ್ದು.”

“ಯಾವುದೋ ಹಡಗಿನವರು ಲಂಗರು ಹಾಕಿರ್ಬೇಕು.”

“ನಾವೂ ಹಾಗೇ ಅಂದ್ಕೊಂಡು ಕೇಬಲ್ ಇದ್ದ ಜಾಗದಲ್ಲೇ ಕೊಕ್ಕೆ ಇಳಿಬಿಟ್ವಿ. ಅಲ್ಲೇನೂ ಇಲ್ಲ. ನದಿ ತಂದು ಗುಡ್ಡೆ ಹಾಕಿದ್ದ ಮಣ್ಣು ಜಾರಿ, ನೀರಲ್ಲಿ ಕಲಸ್ಕೊಂಡು, ಇಳಿಜಾರು ಹಿಡಿದು ತಳದಲ್ಲೇ ಓಡಿ, ಕೇಬಲ್‌ಗಳನ್ನ ಕಿತ್ಕೊಂಡು ಹೋಗಿದೆ. ಭಾರ ಅಲ್ವಾ, ಮೇಲಕ್ಕೆ ಬರಲ್ಲ. ದಾರೀಲಿ ಸಿಕ್ಕಿದ ಮರಳನ್ನೂ ಎಬ್ಬಿಸ್ಕೊಂಡು ಇನ್ನೂ ಜೋರಾಗತ್ತೆ.”

“ಮೇಲೆ ಅಲೆ ಏಳ್ಲಿಲ್ವಾ?”

“ಮೇಲೆ ಮೀನಿನ ದೋಣಿಯವರು ಮಲಗಿದ್ರು. ಒಬ್ಬರಿಗೂ ಎಚ್ಚರ ಆಗಿಲ್ಲ.”

ಗಡಿಯಾರದವನು ಕೆನ್ನೆಯಿಂದ ಕೈ ತೆಗೆದ.

“ಕೇಬಲ್ ಸಿಕ್ತಾ?” ಎಂದಳು ಅಕ್ಕ.

“ಎಷ್ಟೋ ದೂರದಲ್ಲಿ, ಮರಳಲ್ಲಿ ಹೂತ್ಹೋಗಿತ್ತು. ಎಳೆದ್ರೆ ಅದಕ್ಕೊಂದು ಟೊಂಗೆ ಸುತ್ಕೊಂಡಿದೆ, ಬೆಟ್ಟದ ಮರದ್ದು. ಬೆಳಕೇ ಕಾಣದ ಆಳಕ್ಕೆ ಹೋಗಿಬಂದಿದೆ, ಎಲೆ ಇನ್ನೂ ಹಸಿರು ಅಕ್ಕ.”

ಒಳಗಿನಿಂದ ಅಕ್ಕನನ್ನು ಕರೆದರು. ಎದ್ದವಳು ತನ್ನ ಫೋನನ್ನು ತಮ್ಮನ ಕೈಗಿಟ್ಟಳು.

“ಅಳಿಯಂಗೆ ಫೋನ್ ಮಾಡು. ನಾನು ಹಲ್ಲು ಕೀಳಿಸ್ಕೊಂಡು ಬರೋವರೆಗೂ ಆ ಎಲೆ ವಿಷಯ ಹೇಳ್ತಿರು, ಫೋನ್ ಇಡಬೇಡ.”

ತಮ್ಮ ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ಗಡಿಯಾರದವನಿಗೆ ಆಗ ತನ್ನ ಹಲ್ಲುನೋವು ನೆನಪಾಯಿತು.