ಅಪ್ಪ ಬದಲಿಸಿದ ಓಟು

ಅಯೋವಾದ ನಮ್ಮ ಮ್ಯೂಸಿಯಮ್ಮಲ್ಲಿ ಇವತ್ತು ಹಳೇ ಕಾಗದ ಅಸಲಿಯಾ ಅಂತ ಪರೀಕ್ಷೆ ಮಾಡ್ಕೊಡ್ತಿದ್ರು. ಕ್ಯೂನಲ್ಲಿ ನನ್ನ ಮುಂದೆ ಅಕ್ಕ-ತಮ್ಮ, ಇಬ್ರಿಗೂ ಎಪ್ಪತ್ತು ದಾಟಿತ್ತು.

"ಮಾಜಿ ಅಧ್ಯಕ್ಷರು ಅಪ್ಪನಿಗೆ ಬರೆದ ಕಾಗದ ಇನ್ನೊಂದ್ಸಲ ಓದು ಅಕ್ಕಾ."

"ಕನ್ನಡಕ ಬಿಟ್ಟು ಬಂದು ನನ್ನ ಜೀವ ತಿಂತೀಯಲ್ಲೋ ಮರ್ಲ್. ಕೇಳು. 'ಪಕ್ಷ ಒಡೀಬಾರ್ದು ಅಂತ, ಅಭ್ಯರ್ಥಿ ಆರಿಸೋ ಸಮಾವೇಶದಲ್ಲಿ ನನ್ನ ಬಿಟ್ಟು ನನ್ನ ಎದುರಾಳಿಗೆ ಓಟು ಹಾಕು ಅಂತ ನಾನೇ ಕೇಳ್ಕೊಂಡೆ. ಗುಟ್ಟಾಗಿಡು ಅಂದೆ, ನೀನು ಇಟ್ಟೆ. ನಿನ್ನ ಋಣ ದೊಡ್ಡದು.'"

"ಊರೆಲ್ಲ ದ್ರೋಹಿ ಅಂದ್ರೂ ಅಪ್ಪ ಸಾಯೋವರೆಗೂ ಬಾಯಿಬಿಡಲಿಲ್ಲ."

"ನಾನೂ ಅಂದಿದ್ದೆ ಕಣೋ."

"ಅಧ್ಯಕ್ಷರು ಪುಣ್ಯಾತ್ಮರು, ಟೈಪ್ ಮಾಡಿಸದೆ ಸ್ವಂತ ಕೈಯಲ್ಲೇ ಬರೆದಿದಾರೆ."

ಅಷ್ಟರಲ್ಲಿ ಮೇಜಿನ ಹುಡುಗಿ ಕರೆದಳು. "ಮಾರೋದಕ್ಕಾ?"

"ಅಲ್ಲಮ್ಮ. ಅಧ್ಯಕ್ಷರದೇ ಕೈಬರಹ ಅಂತ ಬರ್ಕೊಡಿ, ಸಾಕು. ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ನಾನೇ ಓದ್ಬೇಕು," ಅಂದ್ರು ಅಕ್ಕ. ತಮ್ಮನ ಕೈ ಹಿಡ್ಕೊಂಡು ಒಳಗೆ ಹೋದ್ರು.