ಗಡಿಯಾಚೆಯ ಗುಮಾಸ್ತನಿಗೆ ಭೀಮರಾಜು ಕೊಟ್ಟ ಕೊನೆ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರೋ ನಮ್ಮ ಡಿಪೋ ಮ್ಯಾನೇಜರ್ ರೇಣುಕಯ್ಯ ಸಾಹೇಬ್ರೆ, ಭೀಮರಾಜುವಿನ ಅಕ್ಕ ಚಿಕ್ಕಹನುಮಕ್ಕನವ್ರೆ, ಅವ್ರ ಮಗಳು ಶ್ರೀಲತಾ, ಡ್ಯೂಟಿ ಬದಲಾಯಿಸ್ಕೊಂಡು ಬಂದಿರೋ ನನ್ನ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಬಂಧುಗಳೆ — ನಾನು ಪರ್ವತಯ್ಯ. ಡ್ರೈವರ್. ತೀರ್ಕೊಂಡ ನಮ್ಮ ಕಂಡಕ್ಟರ್ ಭೀಮರಾಜು ಜೊತೆ ಮಧುಗಿರಿಯಿಂದ ನಿಡುಗಲ್‌ಗೆ ಹಾಲ್ಟ್ ಗಾಡಿ ಓಡಿಸ್ತಿದ್ದೋನು.

ಮುಂದಿನ ಸಾಲು ಖಾಲಿ ಐತೆ, ಬನ್ರಪ್ಪ ಮುಂದಕ್ಕೆ. ಬಸ್ಸಲ್ಲಾದ್ರೆ ಮುಂದಿನ ಸೀಟಿಗೆ ಟವಲ್ ಹಾಕಿ ಕಿತ್ತಾಡ್ತೀರಿ, ಇಲ್ಲಿ ಕರೆದ್ರೂ ಬರಲ್ಲ.

ಈಗ ಮಾತಾಡಿದ ಹಿರಿಯರು ಭೀಮರಾಜು ಕರ್ತವ್ಯನಿಷ್ಠರು, ಸರಳ ಜೀವಿ, ಮೃದುಭಾಷಿ ಅಂದ್ರು. ಕರ್ತವ್ಯನಿಷ್ಠ — ಒಪ್ಪಿದೆ. ಸರಳ ಜೀವಿ — ಅದನ್ನೂ ಒಪ್ಪಿದೆ. ಮೃದುಭಾಷಿ? ಯಾರು, ಭೀಮರಾಜುನಾ? ಅವ್ನು ‘ರೈಟ್’ ಅಂತ ಕೂಗಿದ್ರೆ ನಿಡುಗಲ್ ಬೆಟ್ಟದ ಕೋತಿಗಳೆಲ್ಲ ಎದ್ದು ಓಡೋವು! ಸತ್ತೋರ ಬಗ್ಗೆ ಒಳ್ಳೇದೇ ಹೇಳ್ಬೇಕು, ಸರಿ. ಆದ್ರೆ ಬೇರೆ ಯಾರದೋ ಬಗ್ಗೆ ಹೇಳ್ದಂಗೆ ಹೇಳ್ಬೇಡಿ.

ನಾನು ಹೇಳೋದು ಒಂದು ಕಾದಂಬರಿ ವಿಷಯ. ಒಂದು ಸಿನಿಮಾ ವಿಷಯ. ಶ್ರದ್ಧಾಂಜಲಿ ಸಭೆಯಾಗೆ ಸಿನಿಮಾ ಏನಕ್ಕೆ ಅಂತೀರಾ? ಸ್ವಲ್ಪ ಕೇಳಿ.

ಹಾಲ್ಟ್ ಅಂದ್ರೆ ನಮ್ಮೋರಿಗೆ ಗೊತ್ತು, ಗೊತ್ತಿಲ್ದೋರಿಗೆ ಹೇಳ್ತೀನಿ. ಸಾಯಂಕಾಲದ ಕೊನೇ ಗಾಡಿ ಹಳ್ಳಿಗೋಗಿ ಅಲ್ಲೇ ನಿಲ್ಲುತ್ತೆ, ಬೆಳಿಗ್ಗೆ ಅದೇ ಮೊದಲ್ನೇ ಗಾಡಿಯಾಗಿ ವಾಪಸ್ ಬರುತ್ತೆ. ಡ್ರೈವರ್ರು, ಕಂಡಕ್ಟರ್ರು ಅದ್ರೊಳಗೇ ಉಣ್ಣೋದು, ಅದ್ರೊಳಗೇ ಮಲಗೋದು. ಜನ ಎಲ್ಲ ಇಳಿದು ಅವರವರ ಮನೆಗೆ ಹೋಗ್ತಾರೆ. ಒಂದೊಂದೇ ಮನೆ ದೀಪ ಹತ್ತುತ್ತೆ. ಒಗ್ಗರಣೆ ವಾಸನೆ ಬರುತ್ತೆ. ನಾವಿಬ್ರು ಖಾಲಿ ಬಸ್ಸಾಗೆ. ಆ ಹೊತ್ತಿದೆಯಲ್ಲ — ಅದು ಬಲು ಕೆಟ್ಟ ಹೊತ್ತು ಕಣ್ರಪ್ಪ.

ಆ ಹೊತ್ತಿಗೆ ಭೀಮರಾಜು ಒಂದು ಮದ್ದು ತಂದ. ಶಿರಾ ಬಸ್ ಸ್ಟ್ಯಾಂಡ್ ಪಕ್ಕ ಹಳೇ ಪುಸ್ತಕ ಮಾರ್ತಿದ್ದ ಸಾಬರ ರಾಶಿಯಿಂದ ಎತ್ಕೊಂಡ್ ಬಂದ. ‘ಗಡಿಯಾಚೆಯ ಗುಮಾಸ್ತ.’ ಗೂಢಚಾರನ ಕಥೆ. ಒಬ್ಬ ನಮ್ಮ ದೇಶದಿಂದ ಗಡಿ ದಾಟಿ, ಶತ್ರು ದೇಶದ ಯಾವ್ದೋ ಆಫೀಸಾಗೆ ಗುಮಾಸ್ತ ಆಗಿ ಸೇರ್ಕೊಂತಾನೆ. ವರ್ಷಗಟ್ಲೆ ಅಲ್ಲೇ. ಇಡೀ ಪುಸ್ತಕದಾಗೆ ಅವನ ಹೆಸರೇ ಇಲ್ಲ. ಬರೀ ಗುಮಾಸ್ತ.

ನನ್ ಕಣ್ಣು ರಸ್ತೆ ನೋಡಿ ನೋಡಿ ಸೋತಿರೋವು. ಅದೂ ಅಲ್ದೆ ನಂಗೆ ಓದು ಅಷ್ಟಕ್ಕಷ್ಟೇ. ಅದಕ್ಕೆ ಅವ್ನು ಓದೋನು, ನಾನು ಕೇಳೋನು. ಏನ್ ಓದು ಅಂತೀರಿ! ಪೊಲೀಸ್ ಬಂದ್ರೆ ಎದ್ದು ನಿಲ್ಲೋನು. ಗುಮಾಸ್ತ ಬಚ್ಚಿಟ್ಕೊಂಡ್ರೆ ಸೀಟಿನ ಹಿಂದೆ ಹಿಂಗೆ ಬಗ್ಗೋನು. ಮುಗೀತಾ? ಮತ್ತೆ ಮೊದಲಿಂದ. ಆ ಪುಸ್ತಕ ಎಷ್ಟು ಸಲ ಆಯ್ತೋ ಆ ದ್ಯಾವ್ರಿಗೇ ಗೊತ್ತು.

ನಂಗೆ ಕೊನೆ ಅಂದ್ರೆ ಪ್ರಾಣ. ಗುಮಾಸ್ತ ಕೆಲಸ ಮುಗಿಸಿ ವಾಪಸ್ ಬರ್ತಾನೆ. ತಾನು ಯಾರು ಅಂತ ಯಾರಿಗೂ ಹೇಳಂಗಿಲ್ಲ, ಸರ್ಕಾರದ ಆಜ್ಞೆ. ಗಡ್ಡ ಬಂದೈತೆ, ಮೈ ಇಳಿದೈತೆ. ಹುಟ್ಟಿದೂರಿಗೆ ಹೋಗೋ ಕೊನೇ ಬಸ್ ಹತ್ತಾನೆ. ಬಸ್ ತುಂಬ ಅವನೂರೋರೇ, ಒಬ್ಬನಿಗೂ ಗುರುತಿಲ್ಲ. ಊರು ಬಂತು. ಎಲ್ಲಾರೂ ಇಳಿದ್ರು. ಇವ್ನೂ ಇಳಿಯೋಕೆ ಎದ್ದ. ಆಗ ಆ ಬಸ್ಸಿನ ಡ್ರೈವರ್ರು, ಮೇಲಿನ ಕನ್ನಡಿಯಾಗೆ ನೋಡ್ಕೊಂಡು ಕೇಳ್ತಾನೆ — “ಏನಪ್ಪಾ, ಬಂದ್ಯಾ? ಊಟ ಆಯ್ತಾ?”

ಅಷ್ಟೇ. ಅಷ್ಟೇ ಕೊನೆ. ಪ್ರತಿ ಸಲ ನನ್ ಕಣ್ಣಾಗೆ ನೀರು. ಭೀಮರಾಜು ಪುಸ್ತಕ ಮುಚ್ಚೋನು, ಟವಲ್ ತಲೆದಿಂಬು ಮಾಡ್ಕೊಳ್ಳೋನು.

ಹೋದ ವರ್ಷ ಅವ್ನು ರಿಟೈರ್ ಆದ. ಅದೇ ವರ್ಷ ಆ ಕಾದಂಬರಿ ಸಿನಿಮಾ ಆಗಿ ಬಂತು. ನಾನು ರಜಾ ಹಾಕ್ದೆ. ಪಾವಗಡದಾಗೆ ಮೊದಲ್ನೇ ದಿನ, ಮ್ಯಾಟ್ನಿ. ಭೀಮರಾಜು ಇಸ್ತ್ರಿ ಹಾಕಿದ ಬಿಳೀ ಷರ್ಟಾಗೆ ಮದುವೆಗೆ ಬಂದಂಗೆ ಬಂದವ್ನೆ! ನಾನು ಕುಣೀತಿದೀನಿ, ಅವ್ನು ಯಾಕೋ ಬಾಯೇ ಬಿಡ್ತಿಲ್ಲ.

ಸಿನಿಮಾ ಚೆನ್ನಾಗೇ ಇತ್ತು, ಸುಳ್ಳು ಹೇಳ್ಬಾರ್ದು. ಕೊನೆ ಬಂತು. ಗುಮಾಸ್ತ ಬಸ್ ಹತ್ತಿದ. ಜನ ಇಳಿದ್ರು. ನಾನು ಸೀಟಿನ ತುದಿಗೆ ಬಂದೆ. ಅವ್ನೂ ಇಳಿದ. ಬಸ್ ಹೊರಟೋಯ್ತು. ಅವ್ನು ರಸ್ತೆಯಾಗೆ ಒಬ್ನೇ ನಿಂತವ್ನೆ. ಅಷ್ಟಕ್ಕೇ ಥಿಯೇಟರ್‌ನಾಗೆ ಲೈಟ್ ಹಾಕ್ಬುಟ್ರು!

ನಾನು ಎದ್ದು ನಿಂತು ಕೂಗಾಡ್ಬುಟ್ಟೆ. “ಲೇ, ಡ್ರೈವರ್ ಎಲ್ಲೋ? ಡ್ರೈವರ್ ಮಾತಾಡ್ಬೇಕು ಕಣ್ರೋ! ಕಾದಂಬರಿ ಕೆಡಿಸ್ಬುಟ್ರಲ್ಲೋ ಹಾಳಾದೋರು!” ಹಿಂದ್ಗಡೆ ಹುಡುಗ್ರು “ಕೂಚೋ ತಾತಾ, ಕೂಚೋ” ಅಂತ ತೆಲುಗಿನಾಗೆ ನಗ್ತಾವ್ರೆ. ನಂಗೇನು? ಹೊರಗೆ ಬಂದು ಗೇಟ್ ಕಾಯೋನಿಗೂ ಬೈದೆ. ಮಾರನೇ ದಿನ ಡಿಪೋನಾಗೆ ಸಿಕ್ಸಿಕ್ಕೋರಿಗೆಲ್ಲ ಹೇಳ್ದೆ, ಇಲ್ಲಿ ಕೂತಿರೋ ಎಷ್ಟು ಜನ ಕೇಳಿದ್ದೀರಿ.

ಆವತ್ತು ಸಿನಿಮಾ ಬಿಟ್ಮೇಲೆ ಟೀ ಅಂಗಡಿಯಾಗೆ ಕೂತ್ವಿ. ಅವನ ಟೀ ಮುಂದೆ ಹಂಗೇ ಇತ್ತು, ಕೆನೆ ಕಟ್ತು. ನಾನು ಇನ್ನೂ ಬೈತಾನೇ ಇದೀನಿ. ಆಗ ಅಂದ — “ಪರ್ವತಾ, ಆ ಪುಸ್ತಕಕ್ಕೆ ಕೊನೇ ಹಾಳೆ ಇರ್ಲಿಲ್ಲ ಕಣ್ಲಾ. ನಾನು ತರ್ವಾಗ್ಲೇ ಹರಿದೋಗಿತ್ತು. ಗುಮಾಸ್ತ ಬಸ್ ಹತ್ತಾನೆ, ಅಲ್ಲಿಗೆ ಹರಿದೈತೆ. ಮುಂದಿಂದು ನಾನೇ ಹೇಳ್ತಿದ್ದೆ.”

ನಾನು — “ಅಂಗಾದ್ರೆ ಆ ಡ್ರೈವರ್?”

ಅವ್ನು ನನ್ನ ಮುಖ ನೋಡ್ದ.

ಆಗ ಹೊಳೀತು ನನ್ ಮಣ್ಣು ತಲೆಗೆ. ಅವ್ನಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ರಜಾ ದಿನ ಮುಗಿಸಿ ಡ್ಯೂಟಿಗೆ ಬಂದ್ರೆ, ಬಸ್ ಹತ್ತುವಾಗ ಕನ್ನಡಿಯಾಗೆ ನೋಡಿ ನಾನೇ ಕೇಳ್ತಿದ್ದೆ, ಬಂದ್ಯಾ, ಊಟ ಆಯ್ತಾ ಅಂತ. ಎಲ್ರಿಗೂ ಕೇಳೋದೇ ಅದು, ಬಾಯಿಗೆ ಬಂದ ಮಾತು. ಅವ್ನು ಅದನ್ನ ಮನಸ್ಸಾಗೆ ಇಟ್ಕೊಂಡವ್ನೆ.

“ನಿಜವಾದ ಕೊನೆ ಏನಿರ್ಬೋದು ಅಂತ ಇಷ್ಟು ವರ್ಷ ಕಾದಿದ್ದೆ ಕಣ್ಲಾ” ಅಂದ. “ಅವ್ನಿಗೆ ಯಾರಾದ್ರೂ ಸಿಗ್ತಾರೆ ಅಂದ್ಕೊಂಡಿದ್ದೆ. ಯಾರೂ ಸಿಗ್ಲಿಲ್ಲ.”

ಅವತ್ತಿಂದ ಭೀಮರಾಜು ಮಂಕಾದ. ಆಮೇಲೆ ಕಾಯ್ಲೆ ಬಂತು, ಅದನ್ನ ಶ್ರೀಲತಾ ಆಗ್ಲೇ ಇಲ್ಲಿ ಹೇಳಿದ್ಲು, ಮತ್ತೆ ಹೇಳಲ್ಲ. ಆಸ್ಪತ್ರೆಗೆ ಆಕೇನೇ ಹೊಸ ಪ್ರತಿ ತಂದಿದ್ಲು, ಸಿನಿಮಾ ಹೀರೋ ಫೋಟೋ ಹಾಕಿರೋದು. ಒಂದು ಮಧ್ಯಾಹ್ನ ನಾನು ಹೋಗಿದ್ದೆ. “ಕೊನೇದು ಓದು” ಅಂದ. ನಾನು ಓದೋದು! ಒಂದೊಂದೇ ಅಕ್ಷರ ತಡಕಾಡ್ಕೊಂಡು, ಎತ್ತಿನ ಗಾಡಿ ಹೋದಂಗೆ. ಬಸ್ ಬಂತು, ಜನ ಇಳಿದ್ರು. ಮುಂದೆ ಪುಸ್ತಕದಾಗೂ ಡ್ರೈವರ್ ಇಲ್ಲ, ಸಿನಿಮಾದಂಗೇ ಐತೆ. ನಾನು ಪುಸ್ತಕ ಹಿಂಗೆ ಎತ್ತಿ ಹಿಡ್ಕೊಂಡು, “ಆಗ ಡ್ರೈವರ್ರು ಕನ್ನಡಿಯಾಗೆ ನೋಡಿ —” ಅಂದೆ.

“ಇರೋದ್ ಓದ್ಲಾ” ಅಂದ.

ಓದ್ದೆ. ಬಸ್ ಹೊರಟಿತು. ಅವನು ನಿಂತಿದ್ದ. ಮುಗೀತು.

“ಬರೆದೋನು ಸರಿಯಾಗೇ ಬರ್ದವ್ನೆ ಕಣ್ಲಾ” ಅಂದ. “ಇಳಿದೋದೋರನ್ನ ಯಾರು ನೋಡ್ತಾರೆ?”

ನಂಗೆ ಸಿಟ್ಟು ಬಂತು. ಕಾಯ್ಲೆ ಮನುಷ್ಯ ಅಂತಾನೂ ನೋಡ್ಲಿಲ್ಲ. “ನಾನ್ ನೋಡ್ತೀನಿ ಕಣ್ಲಾ! ಆ ಕನ್ನಡಿ ಇರೋದು ಇನ್ನೇನಕ್ಕೆ?” ಅಂದೆ. ಸಿಸ್ಟರ್ ಬಂದು ಬೈದ್ರು. ಭೀಮರಾಜು ನಕ್ಕ. ಆ ವಾರವೇ ಹೋಗ್ಬುಟ್ಟ.

ನಾನು ಈಗ್ಲೂ ನಿಡುಗಲ್ ಹಾಲ್ಟೇ ಹೋಗ್ತೀನಿ. ಈಗಿರೋ ಕಂಡಕ್ಟರ್ ಅನಿಲ್ ಕುಮಾರ್ ಒಳ್ಳೇ ಮನುಷ್ಯ, ಇಲ್ಲೇ ಕೂತವ್ರೆ, ಬೇಜಾರ್ ಮಾಡ್ಕೋಬೇಡಿ. ಆದ್ರೆ ಗಾಡಿ ನಿಲ್ಸಿದ ಕೂಡ್ಲೇ ಕಿವಿಗೆ ಅದನ್ನ ಸಿಗಿಸ್ಕೊಂಡು ಫೋನ್ ನೋಡ್ತಾರೆ. ತಪ್ಪಲ್ಲ ಬುಡಿ. ಬಸ್ ಖಾಲಿ ಆಗುತ್ತೆ, ಮನೆ ಮನೆಯಾಗೆ ದೀಪ ಹತ್ತುತ್ತೆ, ನಾನು ಸ್ಟೇರಿಂಗ್ ಮುಂದೆ ಕೂತಿರ್ತೀನಿ. ನಂಗೆ ಒಂಟಿ ಅನ್ಸುತ್ತೆ. ಬೇರೆ ಏನೂ ಅಲ್ಲ, ಅದೇ.

ಸಾಹೇಬ್ರು ಗಡಿಯಾರ ನೋಡ್ತಾವ್ರೆ. ಮುಗಿಸ್ತೀನಿ.

ಅವ್ನು ಓದು ಮುಗಿಸಿ ದೀಪ ಆರಿಸಿದ್ಮೇಲೆ ನಾವಿಬ್ರು ಸ್ವಲ್ಪ ಹೊತ್ತು ಸುಮ್ಕೆ ಇರ್ತಿದ್ವಿ. ಅವ್ನೂ ಮಾತಾಡಲ್ಲ, ನಾನೂ ಮಾತಾಡಲ್ಲ. ಅವ್ನು ಉಸಿರಾಡೋದು ಕೇಳಿಸ್ತಿತ್ತು, ಅಷ್ಟು ಸಾಕಾಗಿತ್ತು. ಈಗ ಅಂಗೆ ಸುಮ್ಕಿರೋಕೆ ಕೂತ್ರೆ ನನ್ ಕೈಲಾಗ್ತಿಲ್ಲ.

ಚಿಕ್ಕಹನುಮಕ್ಕ, ನೀವು ಕೂತಿರಿ ತಾಯಿ, ಮಂಡಿ ನೋವು. ಮಿಕ್ಕೋರು ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ, ಎಲ್ರೂ ಸೇರಿ, ನನ್ ಜೊತೆ ಸುಮ್ಕಿರಿ.