ಅರ್ಧ ದಾರಿಯಲ್ಲಿ ಇಳಿದವನಿಗೆ ಸನ್ಮಾನ

ಸಭೆಯ ಅಧ್ಯಕ್ಷರೇ, ಈ ಮನೋಚಿಕಿತ್ಸಾ ಕೇಂದ್ರದ ಹಿರಿಯ ಡಾಕ್ಟರಮ್ಮನವರೇ, ವೇದಿಕೆಯ ಗಣ್ಯರೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುವ ಸಭಿಕರೇ,

ಬಸ್ಸು ಓಡಿಸುವವನ ಕೈಗೆ ಮೈಕು ಕೊಟ್ಟಿದ್ದೀರಿ. ಇದಕ್ಕೆ ಬ್ರೇಕು ಎಲ್ಲಿದೆ ಎಂದು ಮೊದಲೇ ತೋರಿಸಿಬಿಡಿ.

ಹಳೆಯ ರೋಗಿಯಾಗಿ ನಾಲ್ಕು ಮಾತಾಡಿ ಎಂದು ಕರೆದಿದ್ದಿರಿ. ಬರೆದುಕೊಂಡೂ ಬಂದಿದ್ದೆ, ಅದು ಜೇಬಿನಲ್ಲೇ ಇರಲಿ. ಈಗಷ್ಟೇ ನಿರೂಪಕರು ಹೇಳಿದ್ದನ್ನು ಮೊದಲು ಸರಿಪಡಿಸಬೇಕು. "ಅಪಘಾತದ ಆಘಾತದಿಂದ ನಾಲ್ಕೇ ಭೇಟಿಗಳಲ್ಲಿ ಸಂಪೂರ್ಣ ಗುಣಮುಖರಾದ ಚಾಲಕರು" ಎಂದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಯಾರು ಗುಣಮುಖ? ನಾನಾ?

ಸ್ವಾಮೀ, ನಾನು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಓಡಿದವನು. ಫೋನ್ ಮಾಡಿ ಮತ್ತೆ ಕರೆಯಬಾರದಲ್ಲ, ಅದಕ್ಕೊಂದು ಡಬ್ಬ ಸಿಹಿ ಕಳಿಸಿದೆ. ನೀವು ಅದನ್ನು ಹಂಚಿ ತಿಂದು ನನ್ನನ್ನು ಗುಣವಾದವರ ಸಾಲಿಗೆ ಸೇರಿಸಿದಿರಾ? ಜಗಳವಾಡದೆ ಬರುವುದು ನಿಲ್ಲಿಸಿದವರೆಲ್ಲ ಗುಣವಾದವರು ಎಂಬುದು ಇಲ್ಲಿನ ಪದ್ಧತಿಯಂತೆ, ಪಕ್ಕದಲ್ಲಿ ಕುಳಿತವರು ಈಗಷ್ಟೇ ಹೇಳಿದರು. ಇದೆಂಥ ಪದ್ಧತಿ? ನನ್ನ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದವರನ್ನು ಊರು ತಲುಪಿದರೆಂದು ನಾನು ಯಾವತ್ತೂ ಹೇಳಿದವನಲ್ಲ.

ಡಾಕ್ಟರಮ್ಮನವರ ತಪ್ಪೇನಿಲ್ಲ. ಕಣ್ಣು ಮುಚ್ಚಿಸಿ ಅಪಘಾತವಾದ ಆ ತಿರುವಿನ ಕಥೆಯನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಎದುರಿಗೆ ಬಂದ ಲಾರಿ, ಒಡೆದ ಗಾಜು, ಹಿಂದಿನ ಬಾಗಿಲಲ್ಲಿ ನಿಂತಿದ್ದ ನಮ್ಮ ಕಂಡಕ್ಟರ್. ವರ್ಷಗಟ್ಟಲೆ ಅವನು ಒಂದು ಸೀಟಿ ಊದಿದರೆ ನಿಲ್ಲಿಸಿದ್ದೇನೆ, ಎರಡು ಊದಿದರೆ ಹೊರಟಿದ್ದೇನೆ. ಹೆಂಡತಿಯ ಮಾತನ್ನೂ ಅಷ್ಟು ಕೇಳಿದವನಲ್ಲ. ಬೇಕಾದರೆ ಅವಳನ್ನೇ ಕೇಳಿ, ಅಲ್ಲೇ ಕುಳಿತಿದ್ದಾಳೆ. ಅವನು ಉಳಿಯಲಿಲ್ಲ. ಆಮೇಲೆ ದಿನವೂ ನಿದ್ದೆಯಲ್ಲಿ ಅವನ ಸೀಟಿ ಕೇಳಿ ಬೆಚ್ಚಿ ಏಳುತ್ತಿದ್ದೆ, ಕಾಲು ಬ್ರೇಕು ಹುಡುಕುತ್ತಿತ್ತು.

ನಾಲ್ಕನೇ ಭೇಟಿಯ ಮರುದಿನ ಎದ್ದಾಗ ಕಿಟಕಿಯಲ್ಲಿ ಬಿಸಿಲು. "ಇವತ್ತು ಚೆನ್ನಾಗಿ ನಿದ್ದೆ ಮಾಡಿದ್ರಿ ಕಣ್ರೀ" ಎಂದು ಹೆಂಡತಿ ಹಿಗ್ಗಿದಳು. ಸೀಟಿ ಕೇಳಿರಲಿಲ್ಲ! ಅವನದೆಂದು ನನ್ನಲ್ಲಿ ಉಳಿದಿದ್ದು ಅದೊಂದೇ ಸದ್ದು. ಇನ್ನೆರಡು ಸಲ ಹೋದರೆ ಅದೂ ಹೋಗುತ್ತದೆ ಅನ್ನಿಸಿತು. ವಾಸಿಯಾಗಿಬಿಡುತ್ತೇನಲ್ಲ ಎಂಬ ಭಯಕ್ಕೆ ಬರುವುದನ್ನೇ ಬಿಟ್ಟೆ. ಸೀಟಿ ವಾಪಸು ಬಂತು, ಇವತ್ತಿಗೂ ಕೇಳುತ್ತದೆ.

ಇಷ್ಟೇ ಆಗಿದ್ದರೆ ನೀವು ಕೊಟ್ಟ ಈ ಸನ್ಮಾನದ ಫಲಕ ಬಗಲಿಗಿಟ್ಟುಕೊಂಡು ತೆಪ್ಪಗೆ ಮನೆಗೆ ಹೋಗುತ್ತಿದ್ದೆ, ನನ್ನದೇನು ಗಂಟು ಹೋಗುತ್ತಿತ್ತು? ಆದರೆ ಸಭೆ ಶುರುವಾಗುವ ಮುಂಚೆ ಹೊರಗೆ ಕುಡಿಯುವ ನೀರಿನ ಹತ್ತಿರ ನಮ್ಮ ಕಂಡಕ್ಟರನ ಹೆಂಡತಿ ಸಿಕ್ಕಿದಳು. ಅವಳೂ ಇಲ್ಲಿಗೇ ಬರುತ್ತಿದ್ದಳು. ಹೇಗಿದ್ದೀಯಮ್ಮ ಎಂದೆ.

"ಬರೋದು ಬಿಟ್ಟುಬಿಟ್ಟೆ ಅಣ್ಣ. ನಿಮಗೆ ನಾಲ್ಕೇ ಸಲಕ್ಕೆ ವಾಸಿ ಆಯ್ತಂತಲ್ಲ, ಇಲ್ಲಿ ಎಲ್ರೂ ಹೇಳ್ತಾರೆ. ನಂಗೆ ಎಷ್ಟು ಸಲ ಬಂದ್ರೂ ಅಳು ನಿಲ್ಲಲಿಲ್ಲ. ನನ್ನಲ್ಲೇ ಏನೋ ಕೊರತೆ ಇರ್ಬೇಕು. ಅವರ ಹೊತ್ತು ಯಾಕೆ ಹಾಳು ಮಾಡ್ಲಿ?"

ಯಾರೋ ಏನೋ ಹೇಳಿರಬೇಕು ಎಂದುಕೊಂಡು ಒಳಗೆ ಬಂದೆ. ನಿಮ್ಮ ಚಪ್ಪಾಳೆ ಕೇಳಿದ ಮೇಲೆ ಗೊತ್ತಾಯಿತು. ದೇವರೇ! ನಾನು ಕಳಿಸಿದ ಒಂದು ಡಬ್ಬ ಸಿಹಿ ಅವನ ಹೆಂಡತಿಯನ್ನು ನಡುರಸ್ತೆಯಲ್ಲಿ ಇಳಿಸಿಬಿಟ್ಟಿತಲ್ಲ!

ಅಧ್ಯಕ್ಷರೇ, ಮೇಜಿನ ಮೇಲೆ ಇನ್ನೊಂದು ಫಲಕ ಇದೆಯಲ್ಲ, ಅದು ಯಾರಿಗೆ? ಯಾಕೆ ತಲೆ ತಗ್ಗಿಸುತ್ತೀರಿ? ಅವಳಿಗಾ? ಅಯ್ಯೋ, ಅವಳೂ ಗುಣಮುಖಳಾ? ಮೂರನೇ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದಾಳೆ, ಒಂದು ಸಲ ನೋಡಿ ಹೇಳಿ.

ತಂಗೀ, ನನಗೆ ವಾಸಿಯಾಗಿಲ್ಲ. ನಿನ್ನಲ್ಲಿ ಯಾವ ಕೊರತೆಯೂ ಇಲ್ಲ. ಸೋಮವಾರ ಬೆಳಗ್ಗೆ ನಾನು ಇಲ್ಲಿಗೆ ಬರುತ್ತೇನೆ. ಸೀಟಿ ನಿಂತರೆ ನಿಲ್ಲಲಿ. ಅವನ ಮಾತು, ಅವನ ನಗು ನಿನ್ನ ಹತ್ತಿರ ಬೇಕಾದಷ್ಟಿದೆ, ನಿನ್ನನ್ನೇ ಕೇಳಿಕೊಳ್ಳುತ್ತೇನೆ. ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ. ನೀನು ಹತ್ತುವ ತನಕ ಗಾಡಿ ಬಿಡುವುದಿಲ್ಲ.

ಫಲಕ ಇಲ್ಲೇ ಇಟ್ಟಿದ್ದೇನೆ. ಇಷ್ಟು ಹೊತ್ತು ಒಬ್ಬರೂ ಮಧ್ಯದಲ್ಲಿ ಇಳಿದು ಹೋಗಲಿಲ್ಲ, ಅದಕ್ಕೆ ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ನಮಸ್ಕಾರ.